“ಹ್ಯಾಂಗ ಗೊತ್ತಾತು?” ಅನ್ನುವ ನೀಲಗಂಗಮ್ಮ

ನಮ್ಮಜ್ಜನ ಅಕ್ಕ ನೀಲಗಂಗಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ ಪ್ರಶ್ನೆ: “ಹ್ಯಾಂಗ ಗೊತ್ತಾತು?” ನಾಳೆ ಮಳೆ ಎಂದವರಿಗೂ ಅದೇ, ನಿಜಾಮರ ಸವಾರಿ ನಮ್ಮೂರು ಕಮಲಾಪುರಕ್ಕೆ ಬರುತ್ತದಂತೆ ಎಂದವರಿಗೂ ಅದೇ. ಪುರಾಣ ಹೇಳಲು ಬಂದ ಸ್ವಾಮಿಗಳು ಕೂಡ ಆಕೆ ಎದುರಿಗೆ ಕೂತರೆ ಅಳೆದು ತೂಗಿ ಮಾತಾಡುತ್ತಿದ್ದರು. ಮನೆಯವರಿಗೆ ಆಕೆ ತಲೆನೋವು. ನನಗೆ ಮಾತ್ರ ಆಕೆಯೇ ದೊಡ್ಡ ತತ್ವಜ್ಞಾನಿ. ಆ ಪ್ರಶ್ನೆ ಇಲ್ಲದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ.

ನಮ್ಮವ್ವ ಜಯದೇವಿ ಕಲಬುರಗಿಯಿಂದ ಸೊಸೆಯಾಗಿ ಬಂದ ತಿಂಗಳಲ್ಲೇ ಮನೆಯಲ್ಲಿ ಬಾಳೆ ಮಾಗುವುದು ನಿಂತಿತು. ನಮ್ಮದು ಕೆಂಪು ಬಾಳೆ. ಗೊನೆಗಳನ್ನು ಹುಲ್ಲಿನಲ್ಲಿಟ್ಟು, ಕೋಣೆಯೊಳಗೆ ಹೊಗೆ ಹಾಕಿ ಬಾಗಿಲು ಮುಚ್ಚಿದರೆ ನಾಲ್ಕೇ ದಿನಕ್ಕೆ ಹಣ್ಣು. ಈಗ ಮೂರು ಸಲವೂ ಗಟ್ಟಿಯಾಗೇ ಉಳಿದವು. ಬಂಡಿಯ ನಬಿಸಾಬ್ ಕಲಬುರಗಿ ಪೇಟೆಗೆ ಒಯ್ದದ್ದನ್ನು ಹಾಗೇ ವಾಪಸು ತಂದ.

“ಸೊಸಿ ಕಾಲ್ಗುಣ ಛಲೋ ಇಲ್ಲ. ತವರಿಗೆ ಕಳಿಸಿಬಿಡೂಣು,” ಎಂದಳು ಅಜ್ಜಿ ಶಂಕ್ರಮ್ಮ. ಅಪ್ಪ ಸೂಗಪ್ಪ ತಾಯಿಯ ಮುಂದೆ ಬಾಯಿ ಬಿಡುವವನಲ್ಲ. ಅವ್ವ ಅಳುತ್ತ ಟ್ರಂಕಿಗೆ ಸೀರೆ ತುಂಬತೊಡಗಿದಳು.

“ಕಾಲ್ಗುಣ ಅಂತ ಹ್ಯಾಂಗ ಗೊತ್ತಾತು?” ನೀಲಗಂಗಮ್ಮ ಕೇಳಿದಳು.

“ಆಕಿ ಬಂದ ಮ್ಯಾಲೇ ಹಿಂಗಾಗ್ಯಾದಲ್ರೀ ಅಕ್ಕಾ.”

“ಆಕಿ ಬಂದಾಗ ಮತ್ತೇನು ಬದಲಾತು?”

ನೀಲಗಂಗಮ್ಮನೇ ನೆನಪಿಸಿದಳು: ಹೊಗೆ ಹಾಕುವ ಹಳೆಯ ಕೋಣೆಯನ್ನು ಹೊಸ ಜೋಡಿಗೆ ಬಿಟ್ಟುಕೊಟ್ಟು, ಗೊನೆಗಳನ್ನು ಕಿಟಕಿಯಿದ್ದ ಮುಂದಿನ ಕೋಣೆಗೆ ಸಾಗಿಸಿದ್ದರು.

“ಕಿಟಕಿ ಮುಚ್ಚೇವಲ್ರೀ,” ಎಂದಳು ಅಜ್ಜಿ.

“ಸಂದ್ಯಾಗಿಂದ ಹೊಗಿ ಹೊರಗ ಹೋಗ್ತಿದ್ರ? ನೋಡೇ ಬಿಡೂಣು. ಅರ್ಧ ಗೊನಿ ಹಳೀ ಕೋಣ್ಯಾಗ ಜಯದೇವಿ ಇಡಲಿ, ಅರ್ಧ ಕಿಟಕಿ ಕೋಣ್ಯಾಗ ನೀ ಇಡು. ಆಕಿ ಕಾಲ್ಗುಣ ಕೆಟ್ಟಿದ್ರ ಆಕಿ ಇಟ್ಟದ್ದು ಮಾಗಬಾರದು.”

ನಾಲ್ಕು ದಿನ ಮದುಮಕ್ಕಳು ಕೋಣೆ ಬಿಟ್ಟರು. ಅಂಗಳದಲ್ಲಿ ಒಬ್ಬನೇ ಮಲಗಿದ ಅಪ್ಪ ಆಗ ಬಾಳೆಹಣ್ಣಿನ ಬಗ್ಗೆ ತೋರಿಸಿದ ಕಾಳಜಿಯನ್ನು ಜೀವಮಾನದಲ್ಲಿ ಮತ್ತೆಂದೂ ತೋರಿಸಲಿಲ್ಲವಂತೆ.

ಐದನೆಯ ದಿನ ಹಳೆಯ ಕೋಣೆ ತೆರೆದರೆ ಹಣ್ಣಿನ ವಾಸನೆ ಓಣಿಯ ತುಂಬ ಹರಡಿತು. ಅಜ್ಜಿ ಇಟ್ಟ ಕಾಯಿಗಳಿಂದ ಗೂಟ ಬಡಿಯಬಹುದಿತ್ತು. ಅವಳು ತನ್ನ ಕಾಯಿ ಒತ್ತಿ ನೋಡಿದಳು, ಸೊಸೆಯ ಮುಖ ನೋಡಿದಳು, ನಕ್ಕುಬಿಟ್ಟಳು. ಟ್ರಂಕಿನೊಳಗಿನ ಸೀರೆಗಳನ್ನು ತಾನೇ ಹೊರಗೆ ತೆಗೆದಳು.

“ನನ್ನ ಸೊಸಿ ಕೈಗುಣ ಬಂಗಾರದಂಥಾದ್ದು. ಇನ್ನ ಎಲ್ಲಾ ಗೊನಿ ಆಕೀನೇ ಇಡಲಿ,” ಎಂದಳು.

ಹಣ್ಣು ಸುಲಿಯುತ್ತಿದ್ದ ನೀಲಗಂಗಮ್ಮ ತಲೆಯೆತ್ತಿದಳು. “ಹ್ಯಾಂಗ ಗೊತ್ತಾತು? ಕಾಲಾಗ ಇಲ್ಲದ ಗುಣ ಕೈಯಾಗ ಎಲ್ಲಿಂದ ಬಂತು? ಮಾಗಿಸಿದ್ದು ಕೋಣಿ.”

ಸೀರೆ ಟ್ರಂಕಿನಿಂದ ಹೊರಬಂದದ್ದಕ್ಕಿಂತ ಆ ಮಾತು ಕೇಳಿಯೇ ತನಗೆ ಹೆಚ್ಚು ಖುಷಿಯಾಯಿತು ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಇನ್ನು ಯಾವ ಗೊನೆ ಕೆಟ್ಟರೂ ಆಕೆ ಹೆದರಬೇಕಿರಲಿಲ್ಲ.

ಕಿಟಕಿಯ ಕೋಣೆ ಮದುಮಕ್ಕಳಿಗೆ ಬಂತು. ಮರುವರ್ಷ ಆ ಕಿಟಕಿಯ ಕೆಳಗೇ ನನ್ನ ತೊಟ್ಟಿಲು ತೂಗಿತು. “ಕೂಸು ಭಾಳ ಶಾಣ್ಯಾ ಆಗ್ತದ,” ಎಂದಳಂತೆ ಅಜ್ಜಿ. ಪಕ್ಕದಲ್ಲಿ ಕೂತಿದ್ದ ನೀಲಗಂಗಮ್ಮ ಏನು ಕೇಳಿದಳೆಂದು ನಾನು ಹೇಳಬೇಕಾಗಿಲ್ಲ.