ಹಲಗೆಯ ಮೇಲಿನ ಗಂಜಿ

ಬಸ್ ಡಿಪೋದ ಕ್ಯಾಂಟೀನಿನಲ್ಲಿ ದೊಡ್ಡಕ್ಕ ಹೇಳಿದ್ದೇ ವೇದವಾಕ್ಯ. ಯಾರಿಗೂ ಬಗ್ಗದ ಡ್ರೈವರುಗಳು ಅವಳ ಸೌಟು ಕಂಡರೆ ಬೆಕ್ಕಿನ ಮರಿಗಳಾಗುತ್ತಿದ್ದರು. ಮೂವತ್ತೊಂದು ವರ್ಷ ಆ ಒಲೆಯ ಮುಂದೆ ನಿಂತವಳು, ಕಣ್ಣಿಗೆ ಪೊರೆ ಬಂದು ಅಕ್ಷರಗಳೆಲ್ಲ ಮಸುಕಾದ ಮೇಲೆ, ಸೊಸೆಗೆ ಸೌಟು ಒಪ್ಪಿಸಿ ಕೌಂಟರಿನ ಪಕ್ಕದ ಸ್ಟೂಲಿಗೆ ಬಡ್ತಿ ಪಡೆದಿದ್ದಳು. ಸೌಟು ಕೊಟ್ಟಳೇ ಹೊರತು ನಾಲಿಗೆ ಕೊಡಲಿಲ್ಲ.

ಅವಳಿಗಿದ್ದದ್ದು ಒಂದೇ ಚಿಂತೆ, ತರಕಾರಿ ಗಂಜಿಯದು. ನುಚ್ಚಕ್ಕಿ, ಉಳಿದ ಸೊಪ್ಪು, ಗೆಡ್ಡೆಯ ಚೂರು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ಆ ಊಟಕ್ಕೆ ಹೆಸರಿಟ್ಟವಳು ಅವಳೇ. ಹೆಸರು ಹೋದರೆ ಈ ಅಡುಗೆಮನೆಯಿಂದ ತಾನೂ ಹೋದಂತೆ ಎಂದು ಅವಳ ಅಳಲು. ಸೊಸೆಗೋ ಅದು ಆಸ್ಪತ್ರೆಯ ಊಟದ ಹಾಗೆ ಕೇಳುತ್ತಿತ್ತು.

ಒಂದು ಬೆಳಿಗ್ಗೆ ದಿನದ ತಿಂಡಿಗಳ ಹೆಸರು ಬರೆಯುವ ಹಲಗೆಯ ಮೇಲೆ ಸೊಸೆಯ ಸೀಮೆಸುಣ್ಣ ಸರಬರ ಓಡಿತು.

“ಏನೇ ಬರೆದೆ?”

“ಇನ್ನೇನು ಬರೀಲಿ ಅತ್ತೆ? ನೀವಿಟ್ಟ ಹೆಸರೇ. ತರಕಾರಿ ಗಂಜಿ.”

ದನಿಯಲ್ಲಿ ಬೆಲ್ಲ ಒಂದಿಷ್ಟು ಹೆಚ್ಚಾಗಿತ್ತು. ಆ ದನಿಯ ಗುರುತು ದೊಡ್ಡಕ್ಕನಿಗೆ ಇಲ್ಲದೇನು? ಒಂದು ಕಾಲಕ್ಕೆ ಅದು ಅವಳದೇ ಆಗಿತ್ತು. ಅವಳ ಅತ್ತೆ ಇದೇ ಊಟವನ್ನು ಚಿಂದಿ ಗಂಜಿ ಅನ್ನುತ್ತಿದ್ದಳು. ಹೊಸದಾಗಿ ಸೌಟು ಹಿಡಿದ ದೊಡ್ಡಕ್ಕನಿಗೆ ಆ ಹೆಸರು ಬರೆಯಲು ನಾಚಿಕೆ; ಹಲಗೆಯ ಮೇಲೆ ತರಕಾರಿ ಗಂಜಿ ಎಂದು ಬರೆದಿದ್ದಳು. ಓದು ಬಾರದ ಅತ್ತೆ ಇದೇ ಸ್ಟೂಲಿನಲ್ಲಿ ಕುಳಿತು ಕೇಳಿದಾಗ, ಕಣ್ಣು ಮಿಟುಕಿಸದೆ “ಚಿಂದಿ ಗಂಜಿ ಅಂತಾನೇ ಬರೆದೆ ಅತ್ತೆ” ಅಂದಿದ್ದಳು. “ದಪ್ಪಗೆ ಬರಿ, ಎಲ್ರಿಗೂ ಕಾಣ್ಲಿ” ಎಂದಿದ್ದಳು ಮುದುಕಿ. ಸಾಯುವವರೆಗೂ ನಂಬಿದ್ದಳು, ಪಾಪ.

ಅಷ್ಟರಲ್ಲಿ ಡ್ರೈವರೊಬ್ಬ ಹಲಗೆ ನೋಡಿ ಗಂಟಲು ಹರಿಯುವಂತೆ ಕೂಗಿದ: “ಎರಡು ಗಾರ್ಡನ್ ಬೌಲ್!”

ಸೊಸೆಯ ಸೌಟು ನಿಂತಿತು. ದೊಡ್ಡಕ್ಕನಿಗೆ ಮೈಯೆಲ್ಲ ಉರಿಯಿತು. ಬೈಯಲೆಂದು ಬಾಯಿ ತೆರೆದವಳಿಗೆ ತಟ್ಟನೆ ತನ್ನ ಅತ್ತೆ ನೆನಪಾದಳು. ಆಗಲೂ ಇದೇ ಕೌಂಟರು, ಇದೇ ಸ್ಟೂಲು. ದಿನಕ್ಕೆ ನೂರು ಸಲ “ತರಕಾರಿ ಗಂಜಿ” ಎಂದು ಕೂಗುತ್ತಿದ್ದರಲ್ಲ! ಅತ್ತೆಗೆ ಓದು ಬರುತ್ತಿರಲಿಲ್ಲ, ನಿಜ. ಕಿವಿ ಮಾತ್ರ ಕೊನೆಯ ದಿನದವರೆಗೂ ಚುರುಕಾಗಿತ್ತು.

ಎಂಥ ಮುದುಕಿ! ಎಲ್ಲ ಗೊತ್ತಿದ್ದೂ ಹನ್ನೆರಡು ವರ್ಷ ಸೊಸೆಯ ಮಾನ ಕಾಪಾಡಿದ್ದಳು. ಬದುಕಿದ್ದಾಗ ಬಾರದ ಪ್ರೀತಿ ದೊಡ್ಡಕ್ಕನಿಗೆ ಈಗ ಉಕ್ಕಿ ಬಂತು.

“ಅತ್ತೆ...” ಎಂದಳು ಸೊಸೆ, ಅಳುದನಿಯಲ್ಲಿ.

“ಏನಂದನೇ ಅವನು? ನನ್ನ ಕಿವಿನೂ ಹೋಯ್ತು ನೋಡು,” ಎಂದಳು ದೊಡ್ಡಕ್ಕ. “ಬರೆದದ್ದನ್ನ ಇನ್ನೊಂಚೂರು ದಪ್ಪಗೆ ಬರಿ, ಎಲ್ರಿಗೂ ಕಾಣ್ಲಿ.”