ಸಿ ಬೂಷ್ತಾ ಎಳೆದ ಗೆರೆ

ದ್ರಾ ಕಣಿವೆಯ ನಮ್ಮ ಆರೋಗ್ಯ ಕಚೇರಿಗೆ ಸಿ ಬೂಷ್ತಾ, ಅಂದರೆ ಬೂಷ್ತಾ ಸಾಹೇಬ, ಮೇಲ್ವಿಚಾರಕನಾಗಿ ಬಂದ ದಿನ ಅವನ ಬೂಟಿಗೆ ಒಂದು ಕಣ ಧೂಳಿರಲಿಲ್ಲ. ಒಂಬತ್ತು ವರ್ಷ ಇದ್ದು ಹೋದ, ಆಗಲೂ ಇರಲಿಲ್ಲ. ಕಚೇರಿಯ ಜೀಪು ಓಡಿಸುತ್ತಿದ್ದವನು ನಾನು. ಅಷ್ಟು ವರ್ಷಗಳಲ್ಲಿ ಅವನನ್ನು ಹಳ್ಳಿಗೆ ಕರೆದೊಯ್ದದ್ದು ಎರಡೇ ಸಲ, ಎರಡೂ ಮದುವೆ ಊಟಕ್ಕೆ.

ಮೆಕ್ನೆಸ್‌ನಲ್ಲಿ ಮೂರು ವಾರದ ತರಬೇತಿ ಮುಗಿಸಿ ಬಂದಿದ್ದ. ಕಲಿತದ್ದು ಒಂದೇ ವಿದ್ಯೆ: ಚೌಕುಳಿ ಕಾಗದದ ಮೇಲೆ ಚುಕ್ಕೆಯಿಟ್ಟು, ನಡುವೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುವುದು. "ಎರಡು ಸಂಗತಿ ಕೊಡಿ, ನಿಜ ಏನೂಂತ ನಾನು ಹೇಳ್ತೀನಿ" ಅನ್ನುತ್ತಿದ್ದ. ಒಮ್ಮೆ ನೌಕರರ ವಯಸ್ಸಿಗೂ ಅವರು ಕುಡಿಯುವ ಚಹಾಕ್ಕೂ ಚುಕ್ಕೆಯಿಟ್ಟ. ನೆಲಕ್ಕೆ ಚೆಲ್ಲಿದ ಬೇಳೆಯ ಹಾಗೆ ಚುಕ್ಕೆಗಳು ದಿಕ್ಕಾಪಾಲಾಗಿದ್ದವು. ಆ ಮಹಾನುಭಾವ ಅಲ್ಲೂ ಗೆರೆ ಎಳೆದ.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಒಂದು ವರ್ಷ ಜೂನ್ ಮೊದಲ ವಾರ, ಬೇಸಿಗೆಯ ಆರಂಭದಲ್ಲಿ, ಅವನ ಕಣ್ಣು ತಗಮ್ಮೂತ್ ಹಳ್ಳಿಯ ಮೇಲೆ ಬಿತ್ತು. ಅಲ್ಲಿನ ದಾದಿ ಇಟ್ಟೋ. ಕತ್ತೆಯ ಮೇಲೆ ತಕ್ಕಡಿ, ಔಷಧಿ ಪೊಟ್ಟಣ ಹೇರಿಕೊಂಡು ಇಪ್ಪತ್ತು ವರ್ಷದಿಂದ ಮನೆಮನೆ ತಿರುಗಿದವಳು. ಬೂಷ್ತಾ ಅಡ್ಡಗೆರೆಯಲ್ಲಿ ಅವಳು ಒಂದೊಂದು ಮನೆಗೆ ಎಷ್ಟು ಸಲ ಹೋದಳೆಂಬುದನ್ನೂ, ಉದ್ದಗೆರೆಯಲ್ಲಿ ಆ ಮನೆಯ ಮಕ್ಕಳಿಗೆ ಎಷ್ಟು ಸಲ ಭೇದಿಯಾಯಿತೆಂಬುದನ್ನೂ ಗುರುತಿಸಿದ. ಮನೆಗೊಂದು ಚುಕ್ಕೆ, ನಲವತ್ತೆರಡು ಮನೆ. ಈ ಸಲ ಚುಕ್ಕೆಗಳು ಎಡಗಡೆ ತಳದಿಂದ ಬಲಗಡೆ ಮೇಲಕ್ಕೆ ಸಾಲಾಗಿ ಏರಿದ್ದವು.

"ನೋಡಿದ್ರಾ? ಈಕೆ ಹೋದಷ್ಟೂ ಭೇದಿ ಜಾಸ್ತಿ. ಮನೆಯಿಂದ ಮನೆಗೆ ಕಾಯಿಲೆ ಹೊತ್ಕೊಂಡು ಹೋಗ್ತಿರೋದು ಈಕೇನೇ!"

ಇಟ್ಟೋ ಎದುರಿಗೇ ನಿಂತಿದ್ದಳು. "ಕಾಯಿಲೆ ಇರೋ ಮನೆಗೆ ತಾನೇ, ಸಿ, ನಾನು ಹೋಗೋದು? ಗಟ್ಟಿಮುಟ್ಟಾಗಿರೋರ ಮನೆಗೆ ಹೋಗಿ ಹರಟೆ ಹೊಡೀಲಾ?"

"ಚುಕ್ಕೆ ಸುಳ್ಳು ಹೇಳಲ್ಲ, ಲಲ್ಲಾ." 'ಅಮ್ಮಾವ್ರೇ' ಅನ್ನುವ ಗೌರವಕ್ಕೇನೂ ಕಡಿಮೆಯಿರಲಿಲ್ಲ.

"ಚುಕ್ಕೆ ಏನೂ ಹೇಳ್ತಿಲ್ಲ. ಮಾತಾಡ್ತಿರೋದು ನೀವು."

ಅವಳ ಓಡಾಟ ನಿಂತಿತು. ಕಚೇರಿಯ ಮೂಲೆಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸಲು ಕೂರಿಸಿದರು. ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ದೆವು. ನಾನೂ.

ಏಳು ವಾರ ಕಳೆಯಿತು. ಜುಲೈ ತಿಂಗಳ ಒಂದೇ ವಾರದಲ್ಲಿ ತಗಮ್ಮೂತ್‌ನ ಭೇದಿಯಿಂದ ಬಳಲಿದ ಹನ್ನೊಂದು ಮಕ್ಕಳನ್ನು ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದೆ. ಎಜ್ಜಾ ಎಂಬವಳ ಎರಡು ವರ್ಷದ ಮಗಳು ತೂದಾ ದಾರಿಯಲ್ಲೇ, ತಾಯಿಯ ತೊಡೆಯ ಮೇಲೆ ಪ್ರಾಣ ಬಿಟ್ಟಳು. "ಗಾಡಿ ನಿಲ್ಸಣ್ಣಾ" ಅಂದಳು ಎಜ್ಜಾ. ನಿಲ್ಲಿಸಿದೆ. ನಿಲ್ಲಿಸಿ ಮಾಡುವುದು ಏನೂ ಇರಲಿಲ್ಲ.

ಮರುದಿನ ಇಟ್ಟೋ ಬೂಷ್ತಾನ ಕೋಣೆಗೆ ಹೋಗಿ ಆ ಕಾಗದವನ್ನು ಎಳೆದುಕೊಂಡಳು. ಕೊಳವೆಬಾವಿಯ ನೀರು ಕುಡಿಯುವ ಮನೆಗಳ ಚುಕ್ಕೆಗೆ ನೀಲಿ ಬಳಿದಳು, ಕಾಲುವೆ ನೀರಿನ ಮನೆಗಳಿಗೆ ಹಸಿರು. ಹಸಿರೆಲ್ಲ ಮೇಲೆ, ನೀಲಿಯೆಲ್ಲ ಕೆಳಗೆ. ಆಮೇಲೆ ತನ್ನ ಪುಸ್ತಕ ತೆರೆದು ತಾರೀಖು ತೋರಿಸಿದಳು.

"ಪ್ರತಿ ಮನೇಲೂ ಕಾಯಿಲೆ ಮೊದಲು, ನಾನು ಆಮೇಲೆ. ಈ ಏಳು ವಾರ ನಾನು ಹೋಗಿದ್ದು ಸೊನ್ನೆ. ನಿಮ್ಮ ಗೆರೆ ಪ್ರಕಾರ ಭೇದಿನೂ ಇಳೀಬೇಕಿತ್ತಲ್ಲ? ಇಳೀತಾ?"

ಬೂಷ್ತಾ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ಆಮೇಲೆ ಅಂದ: "ಹಸಿರು ಸ್ವಲ್ಪ ಗಾಢ ಆಯ್ತು."

ತೂದಾಳ ಹೆಸರು ಅವನ ಬಾಯಲ್ಲಿ ಬರಲಿಲ್ಲ. ಹದಿನೈದು ದಿನದಲ್ಲಿ ಆ ಬಣ್ಣದ ಚುಕ್ಕೆಗಳು 'ನನ್ನ ಸ್ವಂತ ಪರಿಶೀಲನೆಯಿಂದ' ಎಂಬ ಸಾಲಿನೊಂದಿಗೆ ಮೇಲಿನವರಿಗೆ ಹೋದವು. ಕಾಲುವೆ ಬದಿಯ ಮನೆಗಳಿಗೆ ಚಳಿಗಾಲದಲ್ಲಿ ನಲ್ಲಿ ಬಂತು, ಇಟ್ಟೋಗೆ ಅವಳ ಕತ್ತೆಯೂ ಹಳ್ಳಿಯೂ ಮರಳಿ ಸಿಕ್ಕವು. ಬೂಷ್ತಾನಿಗೆ ಬಡ್ತಿ ಬಂತು. ಈಗ ಉತ್ತರದಲ್ಲೆಲ್ಲೋ ಹೊಸ ನೌಕರರಿಗೆ ಚುಕ್ಕೆ ಇಡುವುದನ್ನು ಕಲಿಸುತ್ತಾನಂತೆ.

ಅವನ ಬೀಳ್ಕೊಡುಗೆಗೆ ಇಟ್ಟೋ ಬರಲಿಲ್ಲ. ಅವತ್ತು ತಗಮ್ಮೂತ್‌ನಲ್ಲಿ ಯಾರದೋ ಕೂಸನ್ನು ತೂಗುತ್ತಿದ್ದಳು. ನಾನು ಹೋಗಿದ್ದೆ. ಅವನ ಭಾಷಣಕ್ಕೆ ಚಪ್ಪಾಳೆ ತಟ್ಟಿ, ಕುರಿಮಾಂಸದ ಕುಸ್‌ಕುಸ್ ಎರಡು ಸಲ ಬಡಿಸಿಕೊಂಡು ತಿಂದು ಬಂದೆ.