ಪ್ರಸ್ಥಾನಕ್ಕೆ ಹೋದ ಹೆಲ್ಮೆಟ್ಟು

ಶನಿವಾರ ಬೆಳಗಿನ ಜಾವ ಚಾಮರಾಜಪೇಟೆ ಬಿಟ್ಟಾಗ ಸಣ್ಣಗೆ ಚಳಿಯಿತ್ತು. ಸ್ಟೀರಿಂಗ್ ಹಿಡಿದವನು ನನ್ನ ತಂಗಿ ಪದ್ಮಳ ಗಂಡ ಶ್ರೀಧರ. ಬಳೇಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಸಗಟು ವ್ಯಾಪಾರ, ಅರವತ್ತು ತುಂಬಿದೆ, ಹವ್ಯಾಸಕ್ಕೆ ಕಾರ್ ರೇಸು. ಜಿಟಿ ರೇಸು ಅಂತಾರೆ. ಸ್ಪೋರ್ಟ್ಸ್ ಕಾರಿನ ಒಳಗನ್ನೆಲ್ಲ ಬೋಳಿಸಿ ಟ್ರ್ಯಾಕಿಗೆ ಇಳಿಸುವುದು. ಈ ಸೀಸನ್ನಿನ ನಾಲ್ಕು ರೇಸು ಮುಗಿದಿದ್ದವು. ಕೊನೆಯದು ಚೆನ್ನೈಗೆ ಸ್ವಲ್ಪ ಈಚೆ, ನಮ್ಮ ಮನೆಯಿಂದ ಸುಮಾರು ಮುನ್ನೂರು ಕಿಲೋಮೀಟರು. ಇಷ್ಟು ವರ್ಷಕ್ಕೂ ಒಂದೂ ಕಪ್ಪು ಗೆಲ್ಲದ ಶ್ರೀಧರ, ಗೆಲ್ಲಲಿ ಸೋಲಲಿ ಇದೇ ಕೊನೆ ಎಂದು ಪದ್ಮಳಿಗೆ ಮಾತು ಕೊಟ್ಟಿದ್ದ. ಕಾವಲಿಗೆ ಅವಳು ನನ್ನನ್ನು ಹತ್ತಿಸಿದ್ದಳು.

ನನ್ನನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ನಾಳೆ ನಲ್ಲಿ ಬರಲ್ಲವಂತೆ ಎಂದು ಸುಳ್ಳೇ ಒಬ್ಬರ ಕಿವಿಯಲ್ಲಿ ಉಸುರಿ, ಇಡೀ ಬೀದಿಯ ಬಿಂದಿಗೆ, ಕೊಳದಪ್ಪಲೆಗಳನ್ನು ಸಂಜೆಯೊಳಗೆ ತುಂಬಿಸಿದವನು ನಾನು. ನನ್ನನ್ನು ದಂಗುಬಡಿಸುವವರು ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ.

ಮೊದಲ ಪೆಟ್ಟು ಹೊಸೂರು ದಾಟುತ್ತಲೇ ಬಿತ್ತು. ರೇಸುಗಾರ ಗಂಟೆಗೆ ಅರವತ್ತರಲ್ಲಿ ಎಡಕ್ಕೇ ಅಂಟಿಕೊಂಡು ಹೋಗುತ್ತಿದ್ದ.

"ಏನಯ್ಯಾ, ಟೊಮ್ಯಾಟೊ ಲಾರಿನೂ ನಮ್ಮನ್ನ ಹಿಂದೆ ಹಾಕ್ತಲ್ಲ."

"ಇಲ್ಲಿ ಯಾರೂ ಕಪ್ಪು ಕೊಡಲ್ಲ ಭಾವ. ಸುಮ್ನೆ ಕೂತ್ಕೊಳ್ಳಿ."

ಕೃಷ್ಣಗಿರಿಯಲ್ಲಿ ಇಡ್ಲಿ ವಡೆ, ಕಾಫಿ, ಇಬ್ಬರಿಗೆ ಇನ್ನೂರ ನಲವತ್ತು. ಆಂಬೂರಿನ ಮೇಲೆ ಸೆಕೆ ಶುರುವಾಯಿತು. ಮಧ್ಯಾಹ್ನ ಟ್ರ್ಯಾಕಿನ ಪಕ್ಕದ ಶೆಡ್ಡಿನಲ್ಲಿ ಪದ್ಮಳ ಪುಳಿಯೋಗರೆ ತಿಂದು ಕೈ ತೊಳೆಯುವಷ್ಟರಲ್ಲಿ ಶ್ರೀಧರ, ತಂಡದವರು ಮೊದಲೇ ತಂದಿಟ್ಟಿದ್ದ ರೇಸು ಕಾರಿನಲ್ಲಿ ಅಭ್ಯಾಸಕ್ಕೆ ಇಳಿದ. ಕಾರು ನನ್ನ ಮುಂದೆ ಹಾದುಹೋದದ್ದು ಕಣ್ಣಿಗೆ ಕಾಣಲೇ ಇಲ್ಲ. ಎದೆಗೂಡಿಗೆ ಯಾರೋ ಒದ್ದಂತೆ ಸದ್ದು ಮಾತ್ರ ತಾಗಿತು. ಪಾತ್ರೆಯ ತಳ ತಟ್ಟಿ ಬೆಲೆ ಹೇಳುವ ನಮ್ಮ ಶ್ರೀಧರ ಅದರೊಳಗಿದ್ದಾನೆ ಎಂಬುದನ್ನು ನಂಬಲು ನನಗೆ ಬಹಳ ಹೊತ್ತು ಹಿಡಿಯಿತು.

ರೇಸು ಭಾನುವಾರ ಸಂಜೆ ನಾಲ್ಕಕ್ಕೆ, ಒಂದು ಗಂಟೆ ಕಾಲ. ಒಂದು ಕಾರಿಗೆ ಇಬ್ಬರು: ವೃತ್ತಿಯವನೊಬ್ಬ, ಹವ್ಯಾಸಿಯೊಬ್ಬ. ನಾಲ್ಕೂವರೆಯಿಂದ ನಾಲ್ಕು ನಲವತ್ತರೊಳಗೆ ಅದಲುಬದಲಾಗಲೇಬೇಕು, ಇಲ್ಲದಿದ್ದರೆ ಓಡಿದ್ದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಎರಡನೆಯ ಪಾಳಿ ಶ್ರೀಧರನದು. ಸೀಸನ್ನಿನ ಹವ್ಯಾಸಿಗಳ ಕಪ್ಪಿಗೆ ಅವನಿಗಿಂತ ಎರಡೇ ಪಾಯಿಂಟ್ ಮುಂದಿದ್ದವನು ಪಕ್ಕದ ಶೆಡ್ಡಿನ ಸೆಂದಿಲ್, ಕೊಯಮತ್ತೂರಿನ ಹುಡುಗ. ನಮ್ಮೂರ ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಓದಿದವನಾದ್ದರಿಂದ ಕನ್ನಡ ಸಲೀಸು.

ಮೂರು ಗಂಟೆಗೆ ಪದ್ಮಳ ಫೋನು ಬಂತು. "ಅಣ್ಣಾ, ನಾಲ್ಕೂವರೆಯಿಂದ ರಾಹುಕಾಲ. ಅವರನ್ನ ಗಾಡಿ ಹತ್ತಿಸ್ಬೇಡ."

ಶ್ರೀಧರನ ಮುಖ ಕಪ್ಪಿಟ್ಟಿತು. ಉಪಾಯ ಹೊಳೆದದ್ದು ನನಗೇ. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ ನಮ್ಮಲ್ಲಿ ಪ್ರಸ್ಥಾನ ಇಡುವುದುಂಟು: ಒಳ್ಳೆಯ ಹೊತ್ತಿನಲ್ಲೇ ಒಂದು ಸಾಮಾನನ್ನು ಪಕ್ಕದ ಮನೆಯಲ್ಲಿಟ್ಟು, ಆಮೇಲೆ ಹೋಗುವಾಗ ಎತ್ತಿಕೊಳ್ಳುವುದು. ಆಗ ಪ್ರಯಾಣ ಮೊದಲೇ ಶುರುವಾದ ಲೆಕ್ಕ.

"ಹೆಲ್ಮೆಟ್ಟು ಸೆಂದಿಲ್ ಶೆಡ್ಡಲ್ಲಿಡು," ಎಂದೆ, ಅರ್ಧ ಕೀಟಲೆಗೆ. ಶ್ರೀಧರ ಹೆಲ್ಮೆಟ್ಟನ್ನು ಕಣ್ಣಿಗೊತ್ತಿಕೊಂಡು ಹೊರಟೇಬಿಟ್ಟ. ಇನ್ನು ತಮಾಷೆ ಎಂದು ಹೇಳುವುದು ಹೇಗೆ?

ರೇಸು ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಸೆಂದಿಲ್ ಓಡಿಸುತ್ತಿದ್ದ ಕಾರು ತಿರುವಿನಲ್ಲಿ ಜಾರಿ ಜಲ್ಲಿಯಲ್ಲಿ ಹೂತುಹೋಯಿತು. ಅವನ ಹುಡುಗರು ಶೆಡ್ಡಿನ ಶಟರ್ ಎಳೆದು, ನಂಬರ್ ಬೀಗ ಹಾಕಿ ಅತ್ತ ಓಡಿದರು. ಸೆಂದಿಲ್‌ಗೆ ಇವತ್ತು ಪಾಯಿಂಟಿಲ್ಲ; ಇನ್ನು ಶ್ರೀಧರ ರೇಸು ಮುಗಿಸಿದರೆ ಸಾಕು, ಕಪ್ಪು ಅವನದೇ. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಶ್ರೀಧರ ನನ್ನ ತೋಳು ಹಿಡಿದು ಶಟರ್ ತೋರಿಸಿದ.

"ಭಾವ. ಹೆಲ್ಮೆಟ್ಟು."

ಶಟರಿನತ್ತ ಓಡಿದೆ. ಬೇರೆಯವರದು ಹಾಕುವಂತಿಲ್ಲ, ಬೆಳಿಗ್ಗೆ ರೇಸಿನವರು ಪರೀಕ್ಷೆ ಮಾಡಿ ಚೀಟಿ ಅಂಟಿಸಿದ್ದು ಅದೊಂದಕ್ಕೇ. ನಾಲ್ಕೂವರೆ ದಾಟಿತು. ನಮ್ಮ ತಂಡದವರು ರೇಡಿಯೋದಲ್ಲಿ ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎನ್ನುತ್ತ ಕಾರನ್ನು ಹೊರಗೇ ಓಡಿಸಿದರು. ನಾನು ಬೀಗದ ನಂಬರುಗಳನ್ನು ಹುಚ್ಚನಂತೆ ತಿರುಗಿಸುತ್ತಿದ್ದಾಗ ಸೆಂದಿಲ್ ಯಾರದೋ ಬೈಕಿನ ಹಿಂದೆ ಕೂತು ಬಂದ. ಮೈತುಂಬ ಧೂಳು.

"ಏನ್ ತಾತ, ಬಾಗ್ಲು ಮುರೀತಿದೀರ?"

ಹೇಳಿದೆ. ಅವನು ಟ್ರ್ಯಾಕಿನ ಕಡೆ ನೋಡಿದ, ಶ್ರೀಧರನ ಬೋಳು ತಲೆ ನೋಡಿದ.

"ಅಂಕಲ್ ಓಡಿಸ್ಲಿಲ್ಲ ಅಂದ್ರೆ ಕಪ್ಪು ನಂದೇ. ಗೊತ್ತಲ್ವಾ?"

"ಗೊತ್ತಪ್ಪ," ಎಂದೆ. ಜೀವಮಾನವಿಡೀ ಮಾತಿನಲ್ಲೇ ಗೆದ್ದವನು ಬೀಗ ಬಿಟ್ಟು ಪಕ್ಕಕ್ಕೆ ಸರಿದೆ.

ಅವನು ಕುಕ್ಕರುಗಾಲಲ್ಲಿ ಕೂತ. ಬೀಗ ತಿರುಗಿತು. ಶಟರ್ ಮಂಡಿಯೆತ್ತರಕ್ಕೆ ಏರುತ್ತಿದ್ದಂತೆ ಶ್ರೀಧರ ಕೆಳಗಿಂದ ನುಸುಳಿ, ಹೆಲ್ಮೆಟ್ಟಿನೊಂದಿಗೆ ಹೊರಬಿದ್ದು ಓಡಿದ. ಕಾರು ಬಂದು ನಿಂತಾಗ ಸಮಯ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ಉಳಿದ ರೇಸನ್ನು ನಾನೂ ಸೆಂದಿಲ್ಲೂ ಶಟರಿಗೆ ಒರಗಿ ನೋಡಿದೆವು. ಪ್ರತಿ ತಿರುವಿಗೂ ಸೆಂದಿಲ್‌ನ ಬಲಗಾಲು ತಾನಾಗಿ ನೆಲದ ಮೇಲೆ ಬ್ರೇಕ್ ಒತ್ತುತ್ತಿತ್ತು.

ಶ್ರೀಧರ ಒಟ್ಟಾರೆ ಏಳನೆಯವನಾಗಿ ಬಂದ. ಹವ್ಯಾಸಿಗಳ ಕಪ್ಪು ಕೈಗೆ ಬಂದಾಗ ಅದರ ತಳವನ್ನು ಬೆರಳಿಂದ ತಟ್ಟಿ ನೋಡಿದ, ಹಾಳು ಅಭ್ಯಾಸ. ನೇರ ಸೆಂದಿಲ್ ಹತ್ತಿರ ಹೋದ.

"ಯಾಕಪ್ಪ ತೆಗ್ದೆ?"

"ಬೀಗ ಹಾಕಿ ಗೆದ್ದೆ ಅಂತ ರೂಮ್‌ಮೇಟ್‌ಗಳಿಗೆ ಹೇಳಕ್ಕಾಗುತ್ತಾ ಅಂಕಲ್? ಆದ್ರೆ ಇದು ಸಾಲ. ಮುಂದಿನ ಸೀಸನ್ನು ನೀವ್ ಬರ್ಬೇಕು, ನಾನ್ ನಿಮ್ಮನ್ನ ಸೋಲಿಸ್ಬೇಕು. ಬರ್ತೀರಾ?"

ಶ್ರೀಧರ ಕಪ್ಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಕಡೆ ನೋಡಿದ.

ಹೆದ್ದಾರಿಗೆ ಸೇರುವಾಗ ಶ್ರೀಧರ ಕೇಳಿದ: "ಭಾವ, ಮುಂದಿನ ಸೀಸನ್ ವಿಷಯ ಪದ್ಮಂಗೆ ನೀವು ಹೇಳ್ತೀರೋ, ನಾನೇ ಹೇಳ್ಲೋ?"

ನಾನು ಕಪ್ಪನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದು, ಆಗಲೇ ನಿದ್ದೆ ಬಂದವನಂತೆ ಗೊರಕೆ ಶುರುಮಾಡಿದೆ.